ರೋಗಿಯ ಮಾತು ಕೇಳುವ ವಿದ್ಯೆ

ರೋಗಿಯ ಸಂಕಟವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ಅರಿತದ್ದು ಅವರಿಗೂ ತಿಳಿಯುವಂತೆ ನಡೆದುಕೊಳ್ಳುವುದು: ವೈದ್ಯಶಿಕ್ಷಣದಲ್ಲಿ ಇದನ್ನು ಪರಾನುಭೂತಿ ಎನ್ನುತ್ತಾರೆ. ರೋಗಿಯ ಜೊತೆ ಕೂತು ಅಳಬೇಕಿಲ್ಲ; ತಲೆ ತಿಳಿಯಾಗಿಯೇ ಇರಬೇಕು. ಹುಟ್ಟಿನಿಂದ ಬಂದ ಒಳ್ಳೆಯತನವೇ ಇದಕ್ಕೆ ಸಾಕು ಎಂಬ ನಂಬಿಕೆ ಬಹಳ ಕಾಲ ಇತ್ತು. ಅದು ಸಾಲದು. ಹೊಲಿಗೆ ಹಾಕುವುದನ್ನು ಕಲಿಯುವಂತೆ ಇದನ್ನೂ ವಾರ್ಡಿನಲ್ಲೇ ಕಲಿಯಬೇಕು, ಕಲಿತ ಮೇಲೆ ಕಳೆದುಕೊಳ್ಳದಂತೆ ಕಾಪಾಡಿಕೊಳ್ಳಬೇಕು.

ಮಂಡ್ಯ ಸೀಮೆಯವರು ಹೋಗುವ ಆಸ್ಪತ್ರೆಗಳನ್ನೇ ನೋಡಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಬದಿಗೆ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಜಿಲ್ಲಾ ಕೇಂದ್ರ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಮಂಡ್ಯ, ಇಲ್ಲವೇ ಮೈಸೂರಿನ ‘ದೊಡ್ಡಾಸ್ಪತ್ರೆ’, ಅಂದರೆ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ. ಈ ಆಸ್ಪತ್ರೆಗಳಲ್ಲಿ ಮಲಗಿರುವವರಲ್ಲಿ ಹೊಲಗದ್ದೆಯಲ್ಲಿ ದುಡಿಯುವವರು ಬಹಳ. ಪಕ್ಕದಲ್ಲಿ ನಿಂತು ವಿವರ ಬರೆದುಕೊಳ್ಳುವ ವಿದ್ಯಾರ್ಥಿ ಬೇರೆ ಊರಿನವನಿರಬಹುದು, ಬೇರೆ ರಾಜ್ಯದವಳೂ ಇರಬಹುದು.

ಕಲಿಕೆ ಶುರುವಾಗುವುದು ಅಲ್ಲೇ. ‘ಎದೆ ಹಿಡ್ಕಂಡಂಗಾಯ್ತದೆ, ಕೈಕಾಲು ಜೋಮು’ ಎನ್ನುತ್ತಾರೆ ಒಬ್ಬ ರೈತ. ಎಷ್ಟು ದಿನದಿಂದ ಎಂದರೆ, ‘ಕಬ್ಬು ಕಡಿಯಕೆ ಶುರು ಮಾಡ್ದಾಗಿಂದ’. ಒಬ್ಬ ವಿದ್ಯಾರ್ಥಿ ಕೇಸ್ ಶೀಟಿನಲ್ಲಿ ‘ಎರಡು ತಿಂಗಳು’ ಎಂದು ಬರೆದು ಮುಂದೆ ಹೋಗುತ್ತಾನೆ. ಇನ್ನೊಬ್ಬಳು, ‘ಆವಾಗ್ಲೇ ಯಾಕೆ ಬರ್ಲಿಲ್ಲ, ಅಣ್ಣ?’ ಎಂದು ಕೇಳುತ್ತಾಳೆ. ಕಾರ್ಖಾನೆಯ ಕಟಾವಿನ ಸರದಿ ತಪ್ಪಿದರೆ ಬೆಳೆ ಗದ್ದೆಯಲ್ಲೇ ಒಣಗುತ್ತದೆಂಬ ಭಯ ಆಗ ಹೊರಗೆ ಬರುತ್ತದೆ. ಮಾತ್ರೆ ನಡುವೆ ಬಿಟ್ಟದ್ದೂ, ಮುಂದಿನ ತಪಾಸಣೆಗೆ ಯಾವ ವಾರ ಬರಲು ಸಾಧ್ಯ ಎಂಬುದೂ ತಿಳಿಯುತ್ತದೆ. ಎರಡನೆಯ ಪ್ರಶ್ನೆಗೆ ತಗುಲಿದ್ದು ಅರ್ಧ ನಿಮಿಷ. ಚಿಕಿತ್ಸೆಯ ದಾರಿಯೇ ಅದರಿಂದ ಬದಲಾಗುತ್ತದೆ. ಹೊರಗಿನಿಂದ ಬಂದವರಿಗೆ ಆರಂಭದ ತಿಂಗಳುಗಳಲ್ಲೇ ಕನ್ನಡ ಕಲಿಸುವುದು ಈ ಕಾರಣಕ್ಕಾಗಿಯೇ ಅಗತ್ಯ.

ಪರಾನುಭೂತಿಯ ಫಲ ರೋಗಿಗಳ ಆರೋಗ್ಯದಲ್ಲೂ ಕಂಡಿದೆ. ಇಟಲಿಯ ಪಾರ್ಮಾದಲ್ಲಿ 242 ವೈದ್ಯರು ಮತ್ತು ಅವರ ಸುಮಾರು 21 ಸಾವಿರ ಮಧುಮೇಹಿಗಳನ್ನು ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರಾನುಭೂತಿ ಹೆಚ್ಚಿದ್ದ ವೈದ್ಯರ ರೋಗಿಗಳಲ್ಲಿ ಸಕ್ಕರೆ ಏರುಪೇರಾಗಿ ತಟ್ಟನೆ ಆಸ್ಪತ್ರೆ ಸೇರುವ ಪ್ರಸಂಗ ಕಡಿಮೆ. ವೈದ್ಯರ ಈ ಗುಣವನ್ನು ಅಳೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ‘ಜೆಫರ್ಸನ್ ಮಾಪಕ’. ಇದರಲ್ಲಿ 20 ಹೇಳಿಕೆಗಳಿವೆ; ಅಂಕ 20ರಿಂದ 140ರವರೆಗೆ.

ಅದೇ ಮಾಪಕ ಒಂದು ಕಹಿ ಸಂಗತಿಯನ್ನೂ ತೋರಿಸಿತು. ಫಿಲಡೆಲ್ಫಿಯಾದ ವಿದ್ಯಾರ್ಥಿಗಳ ಅಂಕ ಮೂರನೆಯ ವರ್ಷ, ಅಂದರೆ ರೋಗಿಗಳ ನಡುವೆ ಓಡಾಟ ಹೆಚ್ಚುವ ವರ್ಷದಲ್ಲೇ, ಕುಸಿಯಿತು ಎಂದು 2009ರಲ್ಲಿ ವರದಿಯಾಯಿತು. ನಿದ್ದೆಗೆಟ್ಟ ರಾತ್ರಿಗಳು, ತಪ್ಪಾದೀತೆಂಬ ಅಂಜಿಕೆ, ಓದಿನ ಹೊರೆ ಇದಕ್ಕೆ ಕಾರಣವಿರಬಹುದು. ಇವುಗಳ ಜೊತೆಗೆ ಹಿರಿಯರ ನಡತೆ: ಪ್ರಾಧ್ಯಾಪಕರು ರೌಂಡ್ಸ್‌ನಲ್ಲಿ ರೋಗಿಯನ್ನು ಹೆಸರಿನಿಂದ ಕರೆಯದೆ ‘ಏಳನೇ ಬೆಡ್ಡಿನ ಲಿವರ್’ ಎಂದರೆ, ಜೊತೆಗಿದ್ದ ಹತ್ತು ಮಂದಿಯೂ ಅದನ್ನೇ ಕಲಿಯುತ್ತಾರೆ. ಆದರೆ ಜಪಾನಿನ ಒಂದು ಕಾಲೇಜಿನ ಬಗ್ಗೆ ಅದೇ ವರ್ಷ ಪ್ರಕಟವಾದ ಫಲಿತಾಂಶ ಬೇರೆ. ಅಲ್ಲಿ ಮೇಲಿನ ತರಗತಿಗಳಲ್ಲಿ ಅಂಕ ಹೆಚ್ಚಿತ್ತು. ಕುಸಿತ ವಿಧಿಯಲ್ಲ.

ವ್ಯಕ್ತಿತ್ವದ ಪಾಲೂ ಇದೆ. ಮನಶ್ಶಾಸ್ತ್ರಜ್ಞರು ಹೇಳುವ ಐದು ಗುಣಗಳಲ್ಲಿ ಹೊಂದಿಕೊಂಡು ಹೋಗುವ ಸ್ವಭಾವಕ್ಕೆ ಪರಾನುಭೂತಿಯ ನಂಟು ಹೆಚ್ಚು. ಕೆಲಸದ ಶ್ರದ್ಧೆಗೆ ಓದಿನ ಯಶಸ್ಸಿನ ನಂಟಿದೆ. ವರ್ಷ ಕಳೆದಂತೆ ಅದರ ಪ್ರಭಾವ ಬೆಳೆಯುತ್ತದೆಂದು ಬೆಲ್ಜಿಯಂನ ವಿದ್ಯಾರ್ಥಿಗಳ ಅಧ್ಯಯನ ತೋರಿಸಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ಇವು ಯಾವುದನ್ನೂ ಅಳೆಯುವುದಿಲ್ಲ. ಮಿತಭಾಷಿ ವಿದ್ಯಾರ್ಥಿಗೆ ಈ ವಿದ್ಯೆ ಒಲಿಯದೆಂದು ತಿಳಿಯುವುದೂ ತಪ್ಪು. ಎಷ್ಟೋ ಸಲ ಅವರೇ ಒಳ್ಳೆಯ ಕೇಳುಗರು.

ಪರಾನುಭೂತಿಯ ಜೊತೆಗೇ ಬರಬೇಕಾದ ವೃತ್ತಿಪರತೆ ಕಾಣುವುದು ಸಣ್ಣ ಕೆಲಸಗಳಲ್ಲಿ: ಪರೀಕ್ಷಿಸುವ ಮುನ್ನ ಪರದೆ ಎಳೆಯುವುದು, ಅನುಮತಿ ಕೇಳುವುದು, ನೋಡದ ರೋಗಿಯನ್ನು ನೋಡಿದೆನೆಂದು ಬರೆಯದಿರುವುದು. ಅಮೆರಿಕದ ಮೂರು ಕಾಲೇಜುಗಳಲ್ಲಿ ಓದಿ, ಮುಂದೆ ವೈದ್ಯ ಮಂಡಳಿಯಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಹಳೆಯ ಕಡತಗಳನ್ನು ಸಂಶೋಧಕರು ತೆರೆದು ನೋಡಿದರು. 2005ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎದ್ದು ಕಂಡದ್ದು ವಿದ್ಯಾರ್ಥಿ ದಿನಗಳ ಬೇಜವಾಬ್ದಾರಿ ಮತ್ತು ತಿದ್ದಿಕೊಳ್ಳದ ಸ್ವಭಾವ.

ಭಾರತದಲ್ಲಿ 2019ರಿಂದ ಜಾರಿಯಾದ ಎಂ.ಬಿ.ಬಿ.ಎಸ್. ಪಠ್ಯಕ್ರಮ ನಡತೆ, ನೈತಿಕತೆ ಮತ್ತು ಸಂವಹನವನ್ನು ಕಡ್ಡಾಯ ಪಾಠವಾಗಿಸಿದೆ. ಅಂಗರಚನಾ ವಿಭಾಗದ ಶವವನ್ನು ಮೊದಲ ಗುರುವೆಂದು ಕಾಣುವ ಪಾಠ ಮೊದಲ ವರ್ಷದಲ್ಲೇ ಇದೆ. ಈ ಪಾಠಗಳು ಹಾಜರಾತಿಯ ಶಾಸ್ತ್ರವಾಗಿಬಿಡುವ ಅಪಾಯ ಇದ್ದೇ ಇದೆ. 2022ರಲ್ಲಿ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಆ ಅಪಾಯ ಕಡಿಮೆ. ಪ್ರತಿ ವಿದ್ಯಾರ್ಥಿಗೂ ಹಳ್ಳಿಯ ಮೂರರಿಂದ ಐದು ಮನೆಗಳ ಹೊಣೆ. ಮೊದಲ ವರ್ಷ ಪರಿಚಯ, ತಪಾಸಣೆ. ಮೂರನೆಯ ಹಂತದವರೆಗೂ ಅದೇ ಮನೆಗಳಿಗೆ ಭೇಟಿ. ಫಿಲಡೆಲ್ಫಿಯಾದಲ್ಲಿ ಅಂಕ ಕುಸಿದ ಆ ಘಟ್ಟದಲ್ಲೂ ವಿದ್ಯಾರ್ಥಿ ಅದೇ ಜಗಲಿಯಲ್ಲಿ ಕೂತು, ಹೋದ ಸಲ ಹೇಳಿದ್ದ ಬಿ.ಪಿ. ಮಾತ್ರೆ ತಾತ ನುಂಗುತ್ತಿದ್ದಾರೆಯೇ, ಇಲ್ಲವಾದರೆ ಯಾಕೆ ಎಂದು ಕೇಳಬೇಕಾಗುತ್ತದೆ.