ಗಡಸು ನೀರು, ಕಟ್ಟುವ ನಳ, ಲೆಕ್ಕಕ್ಕೆ ಬಾರದ ಖರ್ಚು

ವ್ಯಾಪಾರಸ್ಥರು ಅಂಗಡಿಯ ಬಾಡಿಗೆ, ವಿದ್ಯುತ್ ಬಿಲ್ಲು, ಹಮಾಲಿ ಹಾಗೂ ಸಾಗಾಣಿಕೆಯ ವೆಚ್ಚಗಳನ್ನು ಪೈಸೆಗೆ ಪೈಸೆ ಲೆಕ್ಕವಿಡುತ್ತಾರೆ. ಆದರೆ ನೀರಿನ ನಳ, ಗೀಸರ್ ಮತ್ತು ಮೋಟಾರಿನ ದುರಸ್ತಿಗೆ ವರ್ಷವಿಡೀ ಕೈಯಿಂದ ಜಾರುವ ಹಣಕ್ಕೆ ಪ್ರತ್ಯೇಕ ಖಾತೆ ತೆರೆದವರು ವಿರಳ. ಇನ್ನೂರು, ಐನೂರು, ಸಾವಿರ ಎಂದು ಬಿಡಿಬಿಡಿಯಾಗಿ ಹೋಗುವ ಈ ಮೊತ್ತವು ‘ಇತರೆ ಖರ್ಚು’ ಎಂಬ ತಲೆಬರಹದಡಿ ಅಡಗಿ ಕುಳಿತುಕೊಳ್ಳುತ್ತದೆ. ಇದಕ್ಕೆ ಮೂಲ ಕಾರಣ ನಳವೂ ಅಲ್ಲ, ಪ್ಲಂಬರನೂ ಅಲ್ಲ, ನೀರಿನ ಗುಣ.

ನಿಪ್ಪಾಣಿ ತಾಲೂಕಿನ ಬೋರಗಾಂವ ಇದಕ್ಕೆ ಉತ್ತಮ ನಿದರ್ಶನ. ಕೆಳಗೆ ಅಂಗಡಿ ಅಥವಾ ಮಗ್ಗದ ಶೆಡ್ಡು, ಮೇಲೆ ಮನೆ, ಎರಡಕ್ಕೂ ಒಂದೇ ಕೊಳವೆಬಾವಿ, ಒಂದೇ ಟಾಕಿ ಎಂಬ ವ್ಯವಸ್ಥೆ ಈ ಭಾಗದಲ್ಲಿ ಸಾಮಾನ್ಯ. ಆದ್ದರಿಂದ ಇಲ್ಲಿ ಮನೆಯ ನಳದ ಸಮಸ್ಯೆಯು ವ್ಯಾಪಾರದ ಸಮಸ್ಯೆಯೂ ಹೌದು.

ಎರಡು ನೀರು, ಎರಡು ಗುಣ

ಬೋರಗಾಂವ ದೂಧಗಂಗಾ ನದಿ ಸೀಮೆಯ ಊರು. ಪಶ್ಚಿಮ ಘಟ್ಟದ ಮಳೆಯಿಂದ ತುಂಬುವ ಈ ನದಿಯ ನೀರು ಮೂಲತಃ ಮೃದುವಾದುದು. ಆದರೆ ಭೂಮಿಯೊಳಗಿನ ನೀರಿನ ಕಥೆಯೇ ಬೇರೆ. ಇಲ್ಲಿನ ಕಪ್ಪು ಮಣ್ಣಿನ ಅಡಿಯಲ್ಲಿರುವುದು ದಖ್ಖನ್ನಿನ ಬಸಾಲ್ಟ್ ಶಿಲೆ. ಅದರ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಕಬ್ಬಿನ ಗದ್ದೆಗಳಿಗೆ ದಶಕಗಳಿಂದ ಹಾಯಿಸಿದ ಹೆಚ್ಚುವರಿ ನೀರು ಮಣ್ಣಿನ ಲವಣಗಳನ್ನು ತೊಳೆದು ಅದೇ ಅಂತರ್ಜಲಕ್ಕೆ ಸೇರಿಸುತ್ತದೆ. ಕೃಷ್ಣಾ ತೀರದಲ್ಲಿ ಸವಳು-ಜವಳಾದ ಹೊಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಸಿಗೆಯಲ್ಲಿ ನದಿ ಇಳಿದಾಗ ಕೊಳವೆಬಾವಿಯ ಮೇಲಿನ ಅವಲಂಬನೆ ಹೆಚ್ಚುತ್ತದೆ. ಅಂತರ್ಜಲ ಕುಸಿದಂತೆ ನೀರು ಇನ್ನಷ್ಟು ಗಡಸಾಗುವುದುಂಟು. ಪ್ರವಾಹದ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: 2019ರ ಆಗಸ್ಟ್ ಮತ್ತು 2021ರ ಜುಲೈನ ನೆರೆಗಳಂತಹ ಸಂದರ್ಭದಲ್ಲಿ ನೆಲದ ಹೌದುಗಳಿಗೆ ಕೆಸರು ನುಗ್ಗಿ, ಅದೇ ಕೆಸರು ಮೋಟಾರು, ವಾಲ್ವು ಮತ್ತು ನಳಗಳವರೆಗೂ ಸಾಗುತ್ತದೆ.

ಅಳತೆಯ ಮಾತು

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500:2012ರ ಪ್ರಕಾರ ಒಟ್ಟು ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸಬಹುದು. ಇದು ಕುಡಿಯುವವರ ದೃಷ್ಟಿಯಿಂದ ಹಾಕಿದ ಮಿತಿ. ನಳ ಮತ್ತು ಗೀಸರುಗಳ ದೃಷ್ಟಿಯಿಂದ ನೋಡಿದರೆ 180 ಮಿಲಿಗ್ರಾಂ ದಾಟಿದ ನೀರನ್ನೇ ‘ಅತಿ ಗಡಸು’ ಎಂದು ವರ್ಗೀಕರಿಸುವ ರೂಢಿಯಿದೆ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಪೈಪಿಗೆ ಶತ್ರುವಾಗಬಲ್ಲದು.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 100 ಲೀಟರಿನಂತೆ ಗೀಸರಿನಲ್ಲಿ ಕಾಯಿಸಿದರೆ, ಆ ಗೀಸರಿನ ಮೂಲಕ ದಿನಕ್ಕೆ 40 ಗ್ರಾಂ, ವರ್ಷಕ್ಕೆ 14.6 ಕಿಲೋಗ್ರಾಂ ಸುಣ್ಣದಂಶ ಹಾದುಹೋಗುತ್ತದೆ. ಇದೆಲ್ಲವೂ ಒಳಗೆ ಉಳಿಯುವುದಿಲ್ಲ. ಕಾಯಿಸಿದಾಗ ಬೈಕಾರ್ಬೋನೇಟ್ ರೂಪದ ತಾತ್ಕಾಲಿಕ ಗಡಸುತನ ಮಾತ್ರ ಕಾರ್ಬೋನೇಟ್ ಆಗಿ ಕಲ್ಲುಗಟ್ಟುತ್ತದೆ. ಆದರೆ ಅದರ ಹತ್ತನೆಯ ಒಂದು ಭಾಗ ಉಳಿದರೂ ವರ್ಷಕ್ಕೆ ಸುಮಾರು ಒಂದೂವರೆ ಕಿಲೋ ಕಲ್ಲು ಗೀಸರಿನ ಹೊಟ್ಟೆಯಲ್ಲಿ ಕೂಡುತ್ತದೆ.

ಆದ್ದರಿಂದ ಯಾವುದೇ ಯಂತ್ರ ಕೊಳ್ಳುವ ಮೊದಲು ನೀರಿನ ಪರೀಕ್ಷೆ ಮಾಡಿಸುವುದು ವಿವೇಕ. ಮಾರಾಟಗಾರರು ಕೈಯಲ್ಲಿ ಹಿಡಿದು ತೋರಿಸುವ ಟಿಡಿಎಸ್ ಮೀಟರು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಸೂಚಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಒಟ್ಟು ಗಡಸುತನ, ಕ್ಷಾರತೆ ಮತ್ತು ಕ್ಲೋರೈಡ್ ಈ ಮೂರನ್ನೂ ಪ್ರಯೋಗಾಲಯದ ವರದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ಎಲ್ಲೆಲ್ಲಿ ಹಾನಿ?

ಗೀಸರ್: ‘ಸುಣ್ಣ ಕಟ್ಟಿದ್ದರಿಂದ ವಿದ್ಯುತ್ ಬಿಲ್ಲು ಏರಿತು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ವಿದ್ಯುತ್ ಗೀಸರಿನ ಮಟ್ಟಿಗೆ ಇದು ಪೂರ್ಣ ಸತ್ಯವಲ್ಲ. ಕಾಯಿಸುವ ಸುರುಳಿ ನೀರಿನೊಳಗೇ ಇರುವುದರಿಂದ ಅದರ ಶಾಖವು ಕೊನೆಗೂ ನೀರನ್ನೇ ಸೇರುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 2.9 ಯೂನಿಟ್ ಬೇಕು. ಸುಣ್ಣವಿದ್ದರೂ ಇಲ್ಲದಿದ್ದರೂ ಈ ಅಂಕಿ ಬಹುಮಟ್ಟಿಗೆ ಅದೇ. ನಷ್ಟವಿರುವುದು ಬೇರೆಡೆ. ಸುಣ್ಣದ ಹೊದಿಕೆಯೊಳಗೆ ಸುರುಳಿ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ, ಟಾಕಿಯಲ್ಲಿ ನೀರಿಗೆ ಜಾಗ ಕಡಿಮೆಯಾಗುತ್ತದೆ, ಥರ್ಮೋಸ್ಟ್ಯಾಟ್ ತಪ್ಪು ಮಾಹಿತಿ ಪಡೆಯುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ಸುರಕ್ಷಾ ವಾಲ್ವು ಸುಣ್ಣದಿಂದ ಅಂಟಿಕೊಳ್ಳುವುದು. ಒತ್ತಡ ಹೊರಹೋಗುವ ದಾರಿ ಮುಚ್ಚಿದಾಗ ಥರ್ಮೋಸ್ಟ್ಯಾಟೂ ಕೈಕೊಟ್ಟರೆ ಗೀಸರು ಸಿಡಿಯುವ ಅಪಾಯವಿದೆ. ಇಲ್ಲಿ ಪ್ರಶ್ನೆ ಹಣದ್ದಲ್ಲ, ಜೀವದ್ದು.

ಬಾಯ್ಲರ್: ಸೈಜಿಂಗ್ ಘಟಕ, ಡೈರಿ, ಲಾಂಡ್ರಿಗಳ ಬಾಯ್ಲರುಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ. ನಡುವೆ ಸುಣ್ಣದ ಗೋಡೆ ಎದ್ದರೆ ಶಾಖವು ಚಿಮಣಿಯ ದಾರಿ ಹಿಡಿಯುತ್ತದೆ. ಉರುವಲು ಹೆಚ್ಚು ಬೇಕಾಗುತ್ತದೆ, ಕೊಳವೆಯ ಲೋಹ ಕಾದು ದುರ್ಬಲವಾಗುತ್ತದೆ. ಬಾಯ್ಲರಿಗೆ ಸಂಸ್ಕರಿಸದ ಬೋರಿನ ನೀರು ಉಣಿಸುವುದು ಯಾವ ದೃಷ್ಟಿಯಿಂದಲೂ ಉಳಿತಾಯವಲ್ಲ.

ಸೌರ ಹೀಟರ್: ಬೋರಿನ ನೀರು ನೇರವಾಗಿ ಹರಿಯುವ ಸೌರ ಹೀಟರುಗಳಲ್ಲಿ ಸಣ್ಣ ತಾಮ್ರದ ಕೊಳವೆಗಳು ಬೇಗ ಕಟ್ಟುತ್ತವೆ, ಗಾಜಿನ ನಳಿಗೆಗಳ ತಳದಲ್ಲಿ ಸುಣ್ಣದ ಪುಡಿ ಕೂಡುತ್ತದೆ. ಗಡಸು ನೀರಿನ ಊರುಗಳಿಗೆ ಶಾಖ ವಿನಿಮಯಕವುಳ್ಳ ಮಾದರಿಯೇ ಸೂಕ್ತ.

ಪೈಪು ಮತ್ತು ನಳ: ಹಳೆಯ ಜಿಐ ಪೈಪುಗಳು ತುಕ್ಕು ಮತ್ತು ಸುಣ್ಣ ಎರಡರಿಂದಲೂ ಒಳಗೊಳಗೇ ಕಿರಿದಾಗುತ್ತವೆ. ಐಎಸ್ 4985 ಮಾನಕದ ಯುಪಿವಿಸಿ ಪೈಪು 45 ಡಿಗ್ರಿ ಮೀರಿದ ನೀರಿಗೆ ಹೇಳಿದ್ದಲ್ಲ; ಬಿಸಿನೀರಿಗೆ ಐಎಸ್ 15778 ಮಾನಕದ ಸಿಪಿವಿಸಿ ಬೇಕು. ಮಾಳಿಗೆಯ ಮೇಲೆ ಬಿಸಿಲಿಗೆ ತೆರೆದಿಟ್ಟ ಪ್ಲಾಸ್ಟಿಕ್ ಪೈಪು ಕೆಲವೇ ವರ್ಷಗಳಲ್ಲಿ ಪೆಡಸಾಗಿ ಸೀಳುತ್ತದೆ. ಬಣ್ಣ ಬಳಿಯುವುದು ಅಥವಾ ಹೊದಿಕೆ ಸುತ್ತುವುದು ಅಗ್ಗದ ರಕ್ಷಣೆ.

ಸೋರುವ ನಳವನ್ನು ಕಡೆಗಣಿಸುವವರು ಅದರ ಕೆಳಗೆ ಒಂದು ಲೀಟರಿನ ಪಾತ್ರೆಯನ್ನಿಟ್ಟು ನೋಡಬೇಕು. ಅದು ಗಂಟೆಗೊಮ್ಮೆ ತುಂಬಿದರೆ ವರ್ಷಕ್ಕೆ 8,760 ಲೀಟರ್ ನೀರು ವ್ಯರ್ಥ. ಅಷ್ಟು ನೀರನ್ನು ಮೇಲೆತ್ತಿದ ಮೋಟಾರಿನ ವಿದ್ಯುತ್ತೂ ವ್ಯರ್ಥ.

ಸ್ವತಃ ಮಾಡಬಹುದಾದ ದುರಸ್ತಿ

1. ನಳದ ಜಾಲರಿ ಮತ್ತು ಶವರಿನ ತಲೆಯನ್ನು ಬಿಚ್ಚಿ, ವಿನೆಗರ್ ಅಥವಾ ನಿಂಬೆ ಉಪ್ಪಿನ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಉಜ್ಜಬೇಕು.

2. ಶೌಚಾಲಯ ತೊಳೆಯುವ ತೀಕ್ಷ್ಣ ಆಸಿಡ್ಡನ್ನು ನಳಗಳಿಗೆ ಬಳಸಬಾರದು. ಅದು ಸುಣ್ಣದೊಂದಿಗೆ ಹೊಳಪಿನ ಲೇಪವನ್ನೂ ತಿನ್ನುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಕೂಡಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

3. ಗೀಸರಿನ ಉಷ್ಣತೆಯನ್ನು 60 ಡಿಗ್ರಿಗಿಂತ ಮೇಲೆ ಇಡಬಾರದು. ನೀರು ಹೆಚ್ಚು ಕಾದಷ್ಟೂ ಸುಣ್ಣ ಕಟ್ಟುವ ವೇಗ ಹೆಚ್ಚುತ್ತದೆ.

4. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಬಳಿಕ, ಗೀಸರನ್ನು ತಿಳಿದವರಿಂದ ಬಿಚ್ಚಿಸಿ ಸುಣ್ಣ ತೆಗೆಸಬೇಕು. ಒಳಗಿನ ಮೆಗ್ನೀಷಿಯಂ ಕಡ್ಡಿ ಸವೆದಿದ್ದರೆ ಬದಲಿಸಬೇಕು. ಟಾಕಿಯ ಬದಲು ತಾನು ಸವೆಯುವುದೇ ಅದರ ಕೆಲಸ. ಸುರಕ್ಷಾ ವಾಲ್ವನ್ನು ಅದೇ ದಿನ ಪರೀಕ್ಷಿಸಬೇಕು.

5. ಮಾಳಿಗೆಯ ಟಾಕಿಯ ತೇಲುಚೆಂಡಿನ ವಾಲ್ವು ಸುಣ್ಣದಿಂದ ಬಿಗಿದುಕೊಂಡರೆ ನೀರು ಹೊರಚೆಲ್ಲಿ ಗೋಡೆ ನೆನೆಯುತ್ತದೆ. ಕೆಳಗೆ ದಾಸ್ತಾನಿದ್ದರೆ ನಷ್ಟ ಬಹುಪಾಲಾಗುತ್ತದೆ.

ಮೃದು ನೀರು: ಎಷ್ಟು ಬೇಕೋ ಅಷ್ಟೇ

ಅಯಾನು ವಿನಿಮಯದ ಮೃದುಕಾರಕ ಯಂತ್ರವು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದು ಸೋಡಿಯಂ ಬಿಟ್ಟುಕೊಡುತ್ತದೆ; ಆಗಾಗ ಅದಕ್ಕೆ ಉಪ್ಪುನೀರು ಉಣಿಸಬೇಕು. ಒಂದು ಕಿಲೋ ಗಡಸುತನ ತೆಗೆಯಲು ಸಿದ್ಧಾಂತದ ಪ್ರಕಾರವೇ 1.17 ಕಿಲೋ ಉಪ್ಪು ಬೇಕು. ರೂಢಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮೇಲಿನ ಉದಾಹರಣೆಯ ನೀರನ್ನೇ ಮನೆಗೆಲ್ಲ ದಿನಕ್ಕೆ 500 ಲೀಟರಿನಂತೆ ಮೃದುಗೊಳಿಸಿದರೆ ವರ್ಷಕ್ಕೆ ಕನಿಷ್ಠ 85 ಕಿಲೋ ಉಪ್ಪು ಚರಂಡಿಗೆ ಹರಿಯುತ್ತದೆ. ಬಿಸಿನೀರಿನ 100 ಲೀಟರಿಗೆ ಮಾತ್ರ ಸೀಮಿತಗೊಳಿಸಿದರೆ 17 ಕಿಲೋ. ಹಾನಿ ಹೆಚ್ಚಾಗಿ ಆಗುವುದು ಬಿಸಿನೀರಿನ ದಾರಿಯಲ್ಲೇ ಆದ್ದರಿಂದ ಇಡೀ ಮನೆಗೆ ದೊಡ್ಡ ಯಂತ್ರ ಕೂಡಿಸುವ ಅಗತ್ಯ ಬಹುತೇಕರಿಗಿಲ್ಲ.

ಅಮೆರಿಕದ ಮರುಭೂಮಿ ನಗರವಾದ ಫೀನಿಕ್ಸಿನಲ್ಲಿ ಗಡಸು ನೀರಿನ ಕಾರಣ ಇಂತಹ ಯಂತ್ರಗಳು ಮನೆಮನೆಗಳಲ್ಲಿವೆ. ಅವು ಹೊರಬಿಡುವ ಉಪ್ಪು ಅಲ್ಲಿನ ತ್ಯಾಜ್ಯನೀರಿನ ಮರುಬಳಕೆಗೆ ತೊಡಕಾಗಿದೆ. ಬೋರಗಾಂವದ ಕಪ್ಪು ಮಣ್ಣು ಸೋಡಿಯಂ ಸೇರಿದಷ್ಟೂ ಬಿಗಿದು ನೀರು ಇಂಗದಂತಾಗುವ ಜಾತಿಯದು. ಯಂತ್ರದ ಉಪ್ಪುನೀರನ್ನು ಹಿತ್ತಲಿಗೋ ಹೊಲಕ್ಕೋ ಬಿಡುವುದು ಸಲ್ಲದು. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿರುವವರು ಮೃದುಗೊಳಿಸಿದ ನೀರನ್ನು ಕುಡಿಯದಿರುವುದು ಲೇಸು.

ಎಲ್ಲಕ್ಕಿಂತ ಅಗ್ಗದ ಉಪಾಯ ಎರಡು ಟಾಕಿಗಳದ್ದು. ನದಿ ಮೂಲದ ನಳದ ನೀರು ಸಿಗುವಲ್ಲಿ ಅದನ್ನು ಒಂದು ಟಾಕಿಯಲ್ಲಿಟ್ಟು ಅಡುಗೆ, ಗೀಸರ್ ಮತ್ತು ಬಟ್ಟೆಗೆ ಮೀಸಲಿಡುವುದು. ಬೋರಿನ ನೀರನ್ನು ಶೌಚಾಲಯ ಹಾಗೂ ನೆಲ ತೊಳೆಯಲು ಬಳಸುವುದು. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟರೆ ಅದಕ್ಕಿಂತ ಮೃದುವಾದ ನೀರು ಬೇರೊಂದಿಲ್ಲ. ‘ಅಯಸ್ಕಾಂತದಿಂದ ಸುಣ್ಣ ಕರಗಿಸುವ’ ಉಪಕರಣಗಳಿಗೆ ಲಿಖಿತ ಖಾತರಿ ಮತ್ತು ಪ್ರಾಯೋಗಿಕ ಅವಧಿ ಇಲ್ಲದೆ ಹಣ ತೆರದಿರುವುದು ಕ್ಷೇಮ.

ಲೆಕ್ಕಪತ್ರದಲ್ಲಿ ಈ ವೆಚ್ಚದ ಸ್ಥಾನ

ದುರಸ್ತಿ ಬೇರೆ, ನವೀಕರಣ ಬೇರೆ. ಇರುವ ಆಸ್ತಿಯನ್ನು ಇದ್ದಂತೆ ಕಾಪಾಡುವ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಬಂಡವಾಳ. ನ್ಯೂ ಶೋರಾಕ್ ಸ್ಪಿನ್ನಿಂಗ್ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು 1956ರಲ್ಲಿ ಹಾಕಿಕೊಟ್ಟ ಈ ಸೂತ್ರವನ್ನು ಸುಪ್ರೀಂ ಕೋರ್ಟು 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿಕೊಂಡಿತು. ಅಲ್ಲಿ ಒಂದು ಚಿತ್ರಮಂದಿರವನ್ನು ಹೊಸ ಯಂತ್ರ, ಪೀಠೋಪಕರಣ, ಶೌಚಾಲಯ ಸಲಕರಣೆ, ವಿದ್ಯುತ್ ತಂತಿಗಳೊಂದಿಗೆ ಸಂಪೂರ್ಣ ನವೀಕರಿಸಲಾಗಿತ್ತು. ಅದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಾಯಿತು. ಸೋರುವ ಜೋಡಣೆ, ಸುಟ್ಟ ಸುರುಳಿ, ಕಟ್ಟಿದ ಪೈಪಿನ ಒಂದು ತುಂಡು ಬದಲಿಸಿದರೆ ಆ ವರ್ಷದ ಖರ್ಚು. ಕಟ್ಟಡದ ಪೈಪು ವ್ಯವಸ್ಥೆಯನ್ನೇ ಹೊಸದಾಗಿ ಮಾಡಿಸಿ ಮೃದುಕಾರಕ ಕೂಡಿಸಿದರೆ ಅದನ್ನು ಬಂಡವಾಳವೆಂದು ತೋರಿಸಿ ಸವಕಳಿ ಪಡೆಯಬೇಕು. 1961ರ ಆದಾಯ ತೆರಿಗೆ ಕಾಯ್ದೆ ಹಾಗೂ ಅದರ ಸ್ಥಾನಕ್ಕೆಂದು ರೂಪಿಸಿದ 2025ರ ಕಾಯ್ದೆ ಎರಡರಲ್ಲೂ ತತ್ವ ಒಂದೇ.

ಮನೆಯ ಭಾಗದ ಖರ್ಚು ವೈಯಕ್ತಿಕ. ಅದನ್ನು ವ್ಯಾಪಾರದ ಖಾತೆಗೆ ಬರೆಯುವಂತಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದಲ್ಲಿ ಬಳಕೆಯ ಆಧಾರದ ಮೇಲೆ ಹಂಚಿ, ಹಂಚಿಕೆಯ ಕ್ರಮವನ್ನು ಬರೆದಿಡಬೇಕು. ಬಾಡಿಗೆಗೆ ಕೊಟ್ಟ ಮನೆಯ ಆದಾಯದಲ್ಲಿ ಶೇಕಡಾ 30ರ ನಿಗದಿತ ಕಡಿತ ದೊರೆಯುವುದರಿಂದ ನಳದ ದುರಸ್ತಿಗೆ ಬೇರೆ ಕಡಿತವಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ವಿವರ ಸಲ್ಲಿಸುವ ವ್ಯಾಪಾರಸ್ಥರಿಗೂ ಪ್ರತ್ಯೇಕ ಕಡಿತ ಸಿಗದು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಸಾಮಾನ್ಯವಾಗಿ ಆ ವೆಚ್ಚವನ್ನು ಒಪ್ಪುವುದಿಲ್ಲ.

ಜಿಎಸ್‌ಟಿಯಲ್ಲಿಯೂ ಈ ವಿಂಗಡಣೆಗೆ ಮಹತ್ವವಿದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ, ಕಟ್ಟಡದ ದುರಸ್ತಿ ವೆಚ್ಚವನ್ನು ಬಂಡವಾಳವಾಗಿ ತೋರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ವ್ಯಾಪಾರಕ್ಕಾಗಿ ಮಾಡಿದ ಚಾಲ್ತಿ ದುರಸ್ತಿಯಾಗಿದ್ದು ಸರಿಯಾದ ಬಿಲ್ಲಿದ್ದರೆ ಜಮೆ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಕೊಂಡ ಅಗ್ಗದ ಸಾಮಾನು ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ನಿರ್ಧಾರದ ಸೂತ್ರ

ದುರಸ್ತಿಯೋ ಬದಲಾವಣೆಯೋ ಎಂಬುದನ್ನು ಅಂಕಿಗಳಿಂದಲೇ ನಿರ್ಧರಿಸಬೇಕು. ಉದಾಹರಣೆಗೆ, ಒಂದು ಕಟ್ಟಡದ ಹಳೆಯ ಪೈಪುಗಳಿಗೆ ವರ್ಷಕ್ಕೆ 6,000 ರೂಪಾಯಿ ದುರಸ್ತಿಯಾಗುತ್ತಿದೆ, ಹೊಸ ಪೈಪಿಗೆ 45,000 ರೂಪಾಯಿ ತಗಲುತ್ತದೆ ಎಂದು ಭಾವಿಸೋಣ. ಬಡ್ಡಿಯನ್ನು ಬಿಟ್ಟರೂ ಏಳೂವರೆ ವರ್ಷಕ್ಕೆ ಹಣ ಮರಳುತ್ತದೆ. ಬಡ್ಡಿ ಸೇರಿಸಿದರೆ ಇನ್ನೂ ತಡ. ಆದರೆ ದುರಸ್ತಿಯ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅಥವಾ ಒಂದು ಸೋರಿಕೆಯಿಂದ ದಾಸ್ತಾನು ಹಾಳಾಗುವ ಸಂಭವವಿದ್ದರೆ ಬದಲಾವಣೆಯೇ ಮೇಲು. ಈ ತೀರ್ಮಾನಕ್ಕೆ ಕನಿಷ್ಠ ಮೂರು ವರ್ಷಗಳ ಖರ್ಚಿನ ದಾಖಲೆ ಬೇಕು.

ಆದಕಾರಣ ಪ್ರತಿಯೊಬ್ಬ ವ್ಯಾಪಾರಸ್ಥರೂ ಮುಂಬರುವ ಲೆಕ್ಕ ವರ್ಷದ ಆರಂಭದಿಂದಲೇ ‘ನೀರು ಮತ್ತು ನಳ ದುರಸ್ತಿ’ ಎಂಬ ಪ್ರತ್ಯೇಕ ಖಾತೆಯನ್ನು ತೆರೆಯುವುದು ಉಚಿತ. ನೀರಿನ ಪರೀಕ್ಷಾ ವರದಿ, ಗೀಸರ್ ತೆರೆದ ದಿನಾಂಕ, ಬದಲಿಸಿದ ಸಾಮಾನಿನ ಬಿಲ್ಲು ಇವು ಒಂದೇ ಕಡತದಲ್ಲಿರಲಿ. ಭೂಮಿಯೊಳಗಿನ ನೀರಿನ ಗುಣವನ್ನು ಬದಲಿಸುವುದು ಒಬ್ಬರ ಕೈಯಲ್ಲಿಲ್ಲ. ಅದು ಯಾವ ನಳದಲ್ಲಿ ಹರಿಯಬೇಕು, ಅದಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದು ಮಾತ್ರ ಖಂಡಿತವಾಗಿಯೂ ಅವರ ಕೈಯಲ್ಲಿದೆ.