ನಿಂತ ಗಾಡಿಗೂ ಸವಕಳಿ ಇದೆ

ಕಳೆದ ಬೇಸಿಗೆಯಲ್ಲಿ ಅಬ್ಬಾ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದರು. ಕೌಲ್ ಬಜಾರಿನ ನಮ್ಮ ಮನೆ ಮುಂದೆ ಅವರ ಲಗೇಜ್ ಆಟೋ ತಾಡಪಾಲು ಹೊದ್ದು ನಿಂತಿತ್ತು. ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಚಾಲೂ ಮಾಡುವ ಕೆಲಸ ನನ್ನದು. ಪರೀಕ್ಷೆ ಬಂತು, ಅದನ್ನೂ ಬಿಟ್ಟೆ. ಅಬ್ಬಾ ಎದ್ದು ಓಡಾಡಿದ ಮೇಲೆ ಮೊದಲ ಬಾಡಿಗೆ ಸಿಕ್ಕಿತು. ಕೀ ತಿರುಗಿಸಿದರೆ ‘ಟಿಕ್’ ಎಂಬ ಸದ್ದು ಮಾತ್ರ. ಬಾಡಿಗೆ ಬೇರೆಯವರ ಪಾಲಾಯಿತು. ನನ್ನ ಶುಲ್ಕಕ್ಕೆಂದು ಅಮ್ಮಿ ಕೂಡಿಟ್ಟಿದ್ದ ಹಣ ಹೊಸ ಬ್ಯಾಟರಿಗೆ ಹೋಯಿತು.

ಓಡಿಸದ ಗಾಡಿಯ ಬ್ಯಾಟರಿ ಏಕೆ ಹಾಳಾಗುತ್ತದೆ? ನಮ್ಮ ಓಣಿಯ ಮೆಕ್ಯಾನಿಕ್ ಚಾಚಾ ವಿವರಿಸಿದರು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದರೂ ಚಾರ್ಜ್ ಕಳೆದುಕೊಳ್ಳುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಎರಡು ಪಟ್ಟಾಗುತ್ತದೆ. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತೇ ಇದೆ. ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ; ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಐದು ನಿಮಿಷದ ಇಂಜಿನ್ ಓಟದಿಂದ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು?

1. ಗಾಡಿ ನಿಲ್ಲಿಸುವ ಮೊದಲು ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದರೆ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸಬೇಕು.

2. ಮೊದಲು ನೆಗೆಟಿವ್ ತಂತಿ ಬಿಚ್ಚಿ. ಆಗ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರದು. ಜೋಡಿಸುವಾಗ ನೆಗೆಟಿವ್ ಕೊನೆಗೆ.

3. ಬ್ಯಾಟರಿಯನ್ನು ನೆರಳಿನಲ್ಲಿ, ತಂಪಾದ ಕಡೆ ಇಡಿ.

4. ತಿಂಗಳಿಗೊಮ್ಮೆ ಅಳೆಯಿರಿ. 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. 35 ಆಂಪಿಯರ್-ಅವರ್ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 3.5 ಆಂಪಿಯರ್ ಸಾಕು.

5. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು, ಬೋರ್ ನೀರು ಬೇಡ.

6. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಕಿಟಕಿ ತೆರೆದಿರಲಿ, ಬೀಡಿ ಬೆಂಕಿ ದೂರವಿರಲಿ.

ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಬೇರೆ: ಬಹಳ ದಿನ ಇಡುವುದಾದರೆ ಅರ್ಧದಷ್ಟು ಚಾರ್ಜ್ ಒಳ್ಳೆಯದು.

ಬಳಸಿದರೂ ಬಳಸದಿದ್ದರೂ ಕಾಲ ಕಳೆದಂತೆ ಆಸ್ತಿಯ ಮೌಲ್ಯ ಇಳಿಯುತ್ತದೆ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಬರೆದುಕೊಂಡಿದ್ದೆ. ಅದು ನಮ್ಮ ಬಾಗಿಲಲ್ಲೇ ನಿಂತಿದ್ದಾಗ ನನಗೆ ಕಾಣಲಿಲ್ಲ. ಈಗ ಪ್ರತಿ ತಿಂಗಳ ಒಂದನೇ ತಾರೀಖು ಮೀಟರ್ ಹಿಡಿದು ಅಳೆಯುತ್ತೇನೆ, ಅಂಕಿಯನ್ನು ಅಬ್ಬಾರ ಬಾಡಿಗೆ ಪುಸ್ತಕದಲ್ಲೇ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಗಾಡಿ ನಿಂತಿದ್ದರೆ ಇವತ್ತೇ ಒಮ್ಮೆ ನೋಡಿ.