ಕಾನು ಉಳಿದದ್ದು ಯಾರ ಕಾವಲಿನಲ್ಲಿ?

ಮರದ ಕೊಂಬೆಗೆ ಅಂಟಿಕೊಂಡು ಅದರ ರಸ ಹೀರಿ ಬದುಕುವ ಗಿಡಕ್ಕೆ ಬಂದಳಿಕೆ ಎನ್ನುತ್ತಾರೆ. ಅದೇ ಹೆಸರಿನ ಊರೊಂದು ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಗಡಿಯ ಹತ್ತಿರ ಇದೆ. ಊರಿನ ಹೆಸರು ಗಿಡದಿಂದಲೇ ಬಂತೆಂದು ನಾನು ವಾದಿಸುವುದಿಲ್ಲ. ಶಾಸನಗಳು ಇದನ್ನು ಬಂದಣಿಕೆ ಎಂದೂ ಬಾಂಧವಪುರವೆಂದೂ ಕರೆದಿವೆ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇಗುಲಗಳ ಅವಶೇಷಗಳ ನಡುವೆ ನಿಂತವರಿಗೆ ಇದು ನಾಗರಖಂಡ ಎಪ್ಪತ್ತರ ರಾಜಧಾನಿಯಾಗಿತ್ತೆಂದು ನಂಬುವುದು ಕಷ್ಟ. ಹತ್ತನೆಯ ಶತಮಾನದ ಆದಿಯಲ್ಲಿ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ಗಂಡನ ಮರಣಾನಂತರ ಇಲ್ಲಿನ ನಾಳ್ಗಾವುಂಡ ಪದವಿ ವಹಿಸಿಕೊಂಡು ನಾಡನ್ನು ಆಳಿದಳು. ಕೊನೆಗೆ ಈ ಊರಿನ ಬಸದಿಯಲ್ಲೇ ಸಲ್ಲೇಖನದಿಂದ ದೇಹ ಬಿಟ್ಟಳು.

ಆ ಗಾವುಂಡ ಎಂಬ ಮಾತೇ ಮುಂದೆ ಗೌಡ ಎಂದಾಯಿತು. ಈ ಸೀಮೆಯ ಕಾಡಿನ ಕಥೆಯಲ್ಲಿ ಊರಗೌಡನಿಗೆ ದೊಡ್ಡ ಪಾತ್ರವಿದೆ.

ಸೊರಬ ಮಲೆನಾಡಿನ ಪೂರ್ವದ ಅಂಚು. ಮಳೆ ಕಡಿಮೆಯಾಗುತ್ತಾ ಹೋಗುವ ಈ ನೆಲದಲ್ಲಿ ಎಲೆ ಉದುರುವ ಕಾಡು, ಹುಲ್ಲುಗಾವಲು, ಗದ್ದೆಗಳ ನಡುವೆ ಅಲ್ಲಲ್ಲಿ ನಿತ್ಯಹಸಿರಿನ ದಟ್ಟ ಕಾಡಿನ ತುಂಡುಗಳು ಕಾಣುತ್ತವೆ. ಇವೇ ಕಾನುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದರು. ಒಟ್ಟು ವಿಸ್ತೀರ್ಣ ಸುಮಾರು 32,500 ಎಕರೆ. ಕಾನಿನೊಳಗೆ ದೇವರಿತ್ತು, ಜೊತೆಗೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಗನಿ, ಧೂಪ, ಬೆತ್ತ, ಜೇನು ಇದ್ದವು. ಕಾನಿನ ತಂಪಿನಲ್ಲಿ ಹುಟ್ಟಿದ ಒರತೆ ಕೆಳಗಿನ ಕೆರೆಗೂ ಅಡಿಕೆ ತೋಟಕ್ಕೂ ನೀರುಣಿಸುತ್ತಿತ್ತು. ಮೈಸೂರು ಸರ್ಕಾರ ಈ ಕಾನುಗಳ ಮೇಲೆ 'ಕಾನುಶಿಸ್ತು' ಎಂಬ ಕಂದಾಯ ವಸೂಲಿ ಮಾಡುತ್ತಿತ್ತು. ಅಂದರೆ ಕಾನು ಬರಿಯ ದೇವರ ಕಾಡಾಗಿರಲಿಲ್ಲ, ಊರಿನ ಬದುಕೂ ಆಗಿತ್ತು. ಕೊಡಲಿಗೆ ಅಡ್ಡಿ ಇತ್ತು, ಕೊಯ್ಲಿಗೆ ಅಡ್ಡಿ ಇರಲಿಲ್ಲ.

1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಂಥದೇ ವ್ಯವಸ್ಥೆ ಕಂಡಿದ್ದ. ಕಾಡು ಗ್ರಾಮದೇವತೆಯದು; ಮರ ಕಡಿಯಲು ಆ ದೇವತೆಯ ಪೂಜಾರಿಯೂ ಆದ ಗೌಡನ ಅಪ್ಪಣೆ ಬೇಕು. ಅಪ್ಪಣೆಗೆ ಹಣವಿಲ್ಲ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲೆಂದು ಜನ ಹೂಡಿದ ಉಪಾಯವಿದು ಎಂದು ಆತ ಗುಮಾನಿಪಟ್ಟ. ಗುಮಾನಿ ನಿಜವೇ ಇದ್ದರೂ ಉಪಾಯ ಕಾಡನ್ನು ಉಳಿಸಿತ್ತಲ್ಲ!

ಈಗ ಜಗತ್ತಿನ ಕಡೆ ನೋಡಿ. ಯುನೆಸ್ಕೊ 1971ರಲ್ಲಿ 'ಮಾನವ ಮತ್ತು ಜೀವಗೋಳ' ಕಾರ್ಯಕ್ರಮ ಆರಂಭಿಸಿತು. ಅದರಿಂದ ಹುಟ್ಟಿದ್ದು ಜೀವಗೋಳ ಮೀಸಲು ಪ್ರದೇಶದ ಕಲ್ಪನೆ: ನಡುವೆ ಮುಟ್ಟದೆ ಕಾಯುವ ತಿರುಳು, ಅದರ ಸುತ್ತ ಮಿತ ಬಳಕೆಯ ಅಂಚು, ಹೊರಗೆ ಊರು-ಹೊಲಗಳ ವಲಯ. ಸಂರಕ್ಷಣೆಯ ಜೊತೆಗೆ ಸ್ಥಳೀಯರ ಅಭಿವೃದ್ಧಿಯೂ ಇದರ ಗುರಿಯೆಂದು 1995ರ ಸೆವಿಲ್ ಸಮಾವೇಶ ಒತ್ತಿ ಹೇಳಿತು. ಭಾರತದ ಮೊದಲ ಮೀಸಲು 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಹರಡಿದ ಅದರ ವಿಸ್ತಾರ 5,520 ಚದರ ಕಿ.ಮೀ. ನಮ್ಮ ಬಂಡೀಪುರ, ನಾಗರಹೊಳೆ ಇದರಲ್ಲಿವೆ.

ಸೊರಬದವರಿಗೆ ಈ ನಕ್ಷೆ ಹೊಸದೆನಿಸದು. ಕಾನು ತಿರುಳು, ಸೊಪ್ಪಿನಬೆಟ್ಟ ಅಂಚು, ಗದ್ದೆ-ತೋಟ ಹೊರವಲಯ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ತಿರುಳಿನೊಳಗೂ ಜನರಿಗೆ ಕೆಲಸವಿತ್ತು, ಆ ಕೆಲಸಕ್ಕೆ ಕಟ್ಟಳೆಯಿತ್ತು. ನೀಲಗಿರಿಯಲ್ಲಿ ಹಾಗಾಗಲಿಲ್ಲ. ಜೀವಗೋಳ ಮೀಸಲಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ; ತಿರುಳಿನಲ್ಲಿ ನಡೆಯುವುದು 1972ರ ವನ್ಯಜೀವಿ ಕಾಯ್ದೆ. ನಾಗರಹೊಳೆಯ ಎಷ್ಟೋ ಜೇನುಕುರುಬ ಕುಟುಂಬಗಳು ಹಾಡಿ ಬಿಟ್ಟು ಹುಣಸೂರಿನ ನಾಗಾಪುರದ ಪುನರ್ವಸತಿಗೆ ಹೋಗಬೇಕಾಯಿತು. ಅಭಿವೃದ್ಧಿಯ ಮಾತು ಕಾಗದದಲ್ಲಿ ಉಳಿಯಿತು.

ಸೊರಬದ ಕಾನುಗಳು ಯಾವ ಜೀವಗೋಳಕ್ಕೂ ಸೇರಿಲ್ಲ. ಆದರೂ ಅವು ಕರಗಿವೆ. ಕೆಲವು ಅರಣ್ಯ ಇಲಾಖೆಯ ಪಾಲು, ಕೆಲವು ಕಂದಾಯ ಇಲಾಖೆಯ ಪಾಲು ಎಂದಾದ ಮೇಲೆ ಗೌಡನ ಅಪ್ಪಣೆಗೆ ಬೆಲೆ ಉಳಿಯಲಿಲ್ಲ, ಊರಿಗೆ ಕಾಯುವ ಉಮೇದೂ ಉಳಿಯಲಿಲ್ಲ. ಅಕೇಶಿಯಾ ನೆಡುತೋಪು ಬಂತು, ಶುಂಠಿ ಬಂತು. ಕಾನಿನ ಅಂಚು ಕಡಿದು ಶುಂಠಿ ಹಾಕಿದ ಸಣ್ಣ ರೈತನನ್ನು ದೂರುವುದು ಸುಲಭ. ಆದರೆ ಎರಡು ಎಕರೆ ಸಾಗುವಳಿ ಮಾಡಿದವನಿಗೆ ಬಗರ್‌ಹುಕುಂ ಅರ್ಜಿಯಾದರೂ ಇದೆ. ಇನ್ನೂರು ಎಕರೆ ಕಾನನ್ನು ಮುಟ್ಟದೆ ಉಳಿಸಿದ ಊರಿಗೆ ಬಹುಕಾಲ ಏನೂ ಇರಲಿಲ್ಲ.

ದಾರಿಗಳು ತೆರೆದದ್ದು ಈಚೆಗೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಚಿಕ್ಕಮಗಳೂರಿನ ಹೊಗ್ರೆಕಾನು 2010ರಲ್ಲಿ, ಸಾಗರ ತಾಲ್ಲೂಕಿನ ಅಂಬಾರಗುಡ್ಡ 2011ರಲ್ಲಿ ಪಾರಂಪರಿಕ ತಾಣಗಳಾದವು. 2006ರ ಅರಣ್ಯ ಹಕ್ಕು ಕಾಯ್ದೆ ಊರಿಗೇ ಸಮುದಾಯ ಹಕ್ಕು ಕೊಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲಿನೊಳಗೇ 2011ರಲ್ಲಿ ಅದನ್ನು ಪಡೆದರು. ಜೇನು, ನೆಲ್ಲಿ ಸಂಗ್ರಹಕ್ಕೆ ಮತ್ತೆ ಅಧಿಕಾರ ಬಂತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ವಾಸ ಮತ್ತು ಅವಲಂಬನೆಗೆ ಸಾಕ್ಷ್ಯ ಕೊಡಬೇಕು. ಮಲೆನಾಡಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಸೊರಬದಲ್ಲಿ ಸಾಕ್ಷ್ಯವನ್ನು ಅಜ್ಜಂದಿರ ನೆನಪಿನಲ್ಲಷ್ಟೇ ಹುಡುಕಬೇಕಿಲ್ಲ. ಕಾನುಶಿಸ್ತು ವಸೂಲಿ ಮಾಡಿದ್ದು ಸರ್ಕಾರವೇ. ಅದರ ಲೆಕ್ಕ ಹಳೆಯ ಕಂದಾಯ ದಫ್ತರಗಳಲ್ಲಿ ಸಿಗಬೇಕು. ಗ್ರಾಮಗಳ ಅರಣ್ಯ ಹಕ್ಕು ಸಮಿತಿಗಳು ಮೊದಲು ಕೇಳಬೇಕಾದದ್ದು ಆ ದಫ್ತರವನ್ನು.